ಇಫ್ಯೂಸಿವ್ ಅಂದರೆ ದಂಡೆ ಮೀರಿದ ಮಾತು

ಕಳೆದ ತಿಂಗಳು ನಮ್ಮ ದೊಡ್ಡವ್ವನ ಮೊಣಕಾಲು ಬಾತುಕೊಂಡಿತ್ತು. ಇಲ್ಲೇ ವಿಜಯಪುರದಲ್ಲಿ ಸ್ಕ್ಯಾನ್ ಮಾಡಿಸಿದೆವು. ರಿಪೋರ್ಟಿನ ಕೊನೆಯ ಸಾಲಿನಲ್ಲಿ 'ಮೈಲ್ಡ್ ಜಾಯಿಂಟ್ ಇಫ್ಯೂಜನ್' ಎಂದಿತ್ತು. ದೊಡ್ಡವ್ವ ಆ ಕಾಗದ ನನ್ನ ಕೈಗೆ ಕೊಟ್ಟು, "ಇದೇನ್ ಬರದಾರ ನೋಡಪಾ, ನೀ ಇಂಗ್ಲಿಷ್ ಕಲಸಾಂವ" ಅಂದಳು. "ಕೀಲಿನ್ಯಾಗ ಸ್ವಲ್ಪ ನೀರು ತುಂಬೇತಿ ದೊಡ್ಡವ್ವ, ಹೆದರಬ್ಯಾಡ" ಅಂದೆ.

ಅದೇ ದಿನ ಸಂಜೆ ಕ್ಲಾಸಿತ್ತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹದಿನೈದಿಪ್ಪತ್ತು ಮಕ್ಕಳಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಆ ದಿನದ ಪಾಠದಲ್ಲಿ 'ಇಫ್ಯೂಸಿವ್ ಪ್ರೇಸ್' ಎಂಬ ಮಾತು ಬಂತು. ಸಿಂದಗಿ ಕಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಮೊಬೈಲಿನ್ಯಾಗ ನೋಡಿದ್ರ 'ಭಾವಾತಿರೇಕದ' ಅಂತ ತೋರಸ್ತದ್ರಿ. ಹಂಗಂದ್ರ ಹೊಗಳ್ತಾ ಹೊಗಳ್ತಾ ಅಳೂದೇನ್ರಿ?"

ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. 'ಭಾವಾತಿರೇಕ' ಎಂದ ಕೂಡಲೇ ನಮಗೆ ಕಣ್ಣೀರು, ಗದ್ಗದ, ಆವೇಶ ನೆನಪಾಗುತ್ತವೆ. ಇಫ್ಯೂಸಿವ್ ಪದದಲ್ಲಿ ಅವು ಯಾವುವೂ ಇರಲೇಬೇಕೆಂದಿಲ್ಲ. ಮುಂಜಾನೆ ಮೊಣಕಾಲಿನಲ್ಲಿ ಕಂಡ ಪದದ ತಂಗಿಯೇ ಸಂಜೆ ಹೊಗಳಿಕೆಯ ಪಕ್ಕ ಬಂದು ಕೂತಿದ್ದಳು. ಈ ಎರಡರ ನಂಟು ಗೊತ್ತಾದರೆ ಪದ ತಾನಾಗಿಯೇ ತಿಳಿಯುತ್ತದೆ. ಆದರೆ ಅಂದು ಉಳಿದಿದ್ದ ಹತ್ತು ನಿಮಿಷದಲ್ಲಿ ಅದನ್ನು ಪೂರ್ತಿ ಹೇಳಲು ನನಗಾಗಲಿಲ್ಲ. ಇಲ್ಲಿ ಸಾವಕಾಶ ಹೇಳುತ್ತೇನೆ.

ಮೊದಲು ಉಚ್ಚಾರ. ಕಾಗುಣಿತದಲ್ಲಿ ಎರಡು 'ಎಫ್' ಇರುವುದರಿಂದ ನಮ್ಮಲ್ಲಿ ಬಹಳ ಜನ 'ಎಫ್ಫ್ಯೂಸಿವ್' ಎಂದು ಒತ್ತಿ ಹೇಳುತ್ತಾರೆ. ಅಷ್ಟು ಒತ್ತುವುದು ಬೇಡ. 'ಇ' ಹಗುರವಾಗಿ ಬರಬೇಕು, ಒತ್ತು 'ಫ್ಯೂ' ಮೇಲೆ ಬೀಳಬೇಕು: ಇ-ಫ್ಯೂ-ಸಿವ್. ಕೊನೆಯದು ಸಕಾರ. 'ಇಫ್ಯೂಜನ್' ಎಂಬ ನಾಮಪದಕ್ಕೆ ಮಾತ್ರ 'ಟೆಲಿವಿಜನ್' ಎನ್ನುವಾಗ ಬರುವ ದನಿ. ಉಚ್ಚಾರದ ಬಗ್ಗೆ ಇಷ್ಟು ಸಾಕು.

ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ 'ಫುಂಡೆರೆ' ಎಂದರೆ ಸುರಿಯುವುದು, ಹೊಯ್ಯುವುದು, ಎರೆಯುವುದು. ಅದರ ಮುಂದೆ 'ಹೊರಗೆ' ಎಂಬ ಅರ್ಥದ 'ಎಕ್ಸ್' ಸೇರಿ 'ಎಫ್ಫುಂಡೆರೆ' ಆಯಿತು. ಹೊರಗೆ ಸುರಿ, ಹೊರಚೆಲ್ಲು ಎಂದರ್ಥ. ಅದರಿಂದ ಇಂಗ್ಲಿಷಿಗೆ ಮೊದಲು ಬಂದದ್ದು ಇಫ್ಯೂಜನ್. ಇಫ್ಯೂಸಿವ್ ಆಮೇಲೆ, 17ನೇ ಶತಮಾನದಲ್ಲಿ ಬಂತು. ದೊಡ್ಡವ್ವನ ಮೊಣಕಾಲಿನಲ್ಲಿ ಆದದ್ದೂ ಇದೇ. ಕೀಲು ಸಲೀಸಾಗಿ ಆಡಲಿ ಎಂದು ಒಳಗೆ ಸ್ವಲ್ಪ ದ್ರವ ಯಾವಾಗಲೂ ಇರುತ್ತದೆ. ಪೆಟ್ಟಿನಿಂದಲೋ ಉರಿಯೂತದಿಂದಲೋ ಅದು ಜಾಸ್ತಿ ಸುರಿದು ತುಂಬಿಕೊಂಡರೆ ಡಾಕ್ಟರು ಇಫ್ಯೂಜನ್ ಎಂದು ಬರೆಯುತ್ತಾರೆ. ಶ್ವಾಸಕೋಶದ ಸುತ್ತ ನೀರು ತುಂಬಿದರೆ ಪ್ಲೂರಲ್ ಇಫ್ಯೂಜನ್.

ಈ 'ಫುಂಡೆರೆ' ಮನೆತನ ಬಹಳ ದೊಡ್ಡದು. ಬೆಳಗಾವಿಯ ಉದ್ಯಮಬಾಗಕ್ಕೆ ಹೋದವರಿಗೆ ಅಲ್ಲಿಯ ಫೌಂಡ್ರಿಗಳು ಗೊತ್ತು. ಕುಲುಮೆಯಲ್ಲಿ ಕಬ್ಬಿಣ ಕರಗಿಸುತ್ತಾರೆ. ಕೆಂಪಗೆ ಕುದಿಯುವ ಆ ರಸವನ್ನು ಮರಳಿನ ಅಚ್ಚಿನೊಳಗೆ ಹೊಯ್ಯುತ್ತಾರೆ. ಫೌಂಡ್ರಿ ಎಂಬ ಪದವೂ ಅದೇ 'ಫುಂಡೆರೆ'ಯಿಂದ, ಫ್ರೆಂಚ್ ದಾರಿ ಹಿಡಿದು ಬಂದದ್ದು. ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಸಂಗತಿ ಬೇರೆ ಇದೆ. ಕನ್ನಡವೂ ಇದೇ ಕೆಲಸಕ್ಕೆ ಇದೇ ದಾರಿಯಲ್ಲಿ ಪದ ಮಾಡಿಕೊಂಡಿದೆ. ಎರೆ ಎಂದರೆ ಸುರಿ, ಎರೆಯುವುದರಿಂದ ಎರಕ. ರೋಮಿನವರೂ ನಾವೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಕಡೆ ಬಂದು ನಿಂತಿದ್ದೇವೆ.

ಇನ್ನೂ ಇವೆ. ಕರೆಂಟು ಹೆಚ್ಚಾದಾಗ ಕರಗಿಬೀಳುವ ತಂತಿ ಫ್ಯೂಸ್. ಒಬ್ಬರ ರಕ್ತ ಇನ್ನೊಬ್ಬರಿಗೆ ಹಾಯಿಸುವುದು ಟ್ರಾನ್ಸ್‌ಫ್ಯೂಜನ್. ಕೊಟ್ಟ ದುಡ್ಡು ತಿರುಗಿ ನಮ್ಮ ಕಡೆಗೇ ಸುರಿದರೆ ರಿಫಂಡ್. ಬೇರೆ ಬೇರೆ ಇರಬೇಕಾದದ್ದನ್ನು ಒಂದೇ ಪಾತ್ರೆಗೆ ಸುರಿದುಬಿಟ್ಟರೆ ಕನ್‌ಫ್ಯೂಸ್. ನಮ್ಮ ಕಡೆ ಓದು ಬರಹ ಬಾರದ ಮುದುಕರೂ 'ಕನ್‌ಫ್ಯೂಸ್ ಆತು ನೋಡ್ರಿ' ಅನ್ನುತ್ತಾರೆ ಅಲ್ವಾ? ಇಫ್ಯೂಸಿವ್ ಅದೇ ಮನೆಯ ಇನ್ನೊಬ್ಬ ಮಗಳು.

ಈಗ ಕರಿಕಲ್ಲಿನ ಕಥೆಗೆ ಬರೋಣ. ಇದನ್ನು ನಾನು ಸ್ವಲ್ಪ ಉದ್ದ ಹೇಳುತ್ತೇನೆ. ಪದದ ಗುಣ ನನಗೆ ಮನಸ್ಸಿಗೆ ಹತ್ತಿದ್ದು ಇಲ್ಲಿಂದಲೇ.

ವಿಜಯಪುರ ಜಿಲ್ಲೆಯಲ್ಲಿ ಬಾವಿ ತೋಡಿದವರಿಗೆ ಗೊತ್ತು. ಮೇಲೆ ಎರೆ ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕರಿಕಲ್ಲು. ಆ ಕರಿಕಲ್ಲು ಬಸಾಲ್ಟ್. ಗೋಳಗುಮ್ಮಟದ ಗೋಡೆಗಳೂ ಇದೇ ಕಪ್ಪುಬೂದು ಕಲ್ಲಿನವು. ಇದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದೊಳಗಿಂದ ಬಂದ ಲಾವಾರಸ. ಭೂವಿಜ್ಞಾನಿಗಳು ಇದನ್ನು ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರೆ. ಸ್ವೀಡನ್ ದೇಶದ ಭಾಷೆಯಲ್ಲಿ 'ತ್ರಪ್ಪಾ' ಎಂದರೆ ಮೆಟ್ಟಿಲು. ಪದರದ ಮೇಲೆ ಪದರ ಹರಿದು ಆರಿದ್ದರಿಂದ ಗುಡ್ಡಗಳು ಮೆಟ್ಟಿಲಿನ ಹಾಗೆ ಕಾಣುತ್ತವೆ, ಅದಕ್ಕೆ ಆ ಹೆಸರು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಈ ಕಲ್ಲು ಮುಚ್ಚಿಕೊಂಡಿದೆ. ಮಹಾರಾಷ್ಟ್ರದ ಪಶ್ಚಿಮ ಘಟ್ಟದಲ್ಲಿ ಅದರ ದಪ್ಪ ಕಿಲೋಮೀಟರುಗಟ್ಟಲೆ. ನಮ್ಮದು ಅದರ ದಕ್ಷಿಣದ ಅಂಚು. ಬಾಗಲಕೋಟೆ ಕಡೆ ಇಳಿದು ಬಾದಾಮಿಗೆ ಹೋದರೆ ಕರಿಕಲ್ಲು ಮುಗಿದು ಕೆಂಪು ಮರಳುಗಲ್ಲು ಬರುತ್ತದೆ. ಅದು ಇದಕ್ಕಿಂತ ಬಹಳ ಹಳೆಯದು.

ಇಷ್ಟೆಲ್ಲ ಲಾವಾ ಹೇಗೆ ಬಂತು? ಜ್ವಾಲಾಮುಖಿ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ತುದಿ ಸಿಡಿದು ಬೂದಿ ಹಾರಿಸುವ ಬೆಟ್ಟ. ಡೆಕ್ಕನ್ ಟ್ರ್ಯಾಪಿನ ಬಹುಪಾಲು ಹಾಗೆ ಹುಟ್ಟಲಿಲ್ಲ. ನೆಲ ಉದ್ದುದ್ದ ಸೀಳು ಬಿಟ್ಟಿತು. ಆ ಸೀಳಿನಿಂದ ರಸ ಉಕ್ಕಿ ಹರಿಯಿತು. ಹರಿದು ಹರಿದು ದೂರ ದೂರ ಹಬ್ಬಿತು. ಹೀಗೆ ಹರಿಯುವ ಬಗೆಗೆ ಭೂವಿಜ್ಞಾನದಲ್ಲಿ ಇರುವ ಹೆಸರೇ ಇಫ್ಯೂಸಿವ್ ಇರಪ್ಷನ್. ಸಿಡಿಯುವುದಕ್ಕೆ ಎಕ್ಸ್‌ಪ್ಲೋಸಿವ್ ಇರಪ್ಷನ್.

ಎರಡಕ್ಕೂ ಏಕೆ ಇಷ್ಟು ಫರಕು? ಕಾರಣ ರಸದ ಗುಣದಲ್ಲಿದೆ. ಬಸಾಲ್ಟ್ ರಸದಲ್ಲಿ ಸಿಲಿಕಾ (ಮರಳಿನಲ್ಲಿರುವ ಮುಖ್ಯ ಪದಾರ್ಥ) ಕಡಿಮೆ, ಇಡೀ ರಸದ ಸರಿಸುಮಾರು ಅರ್ಧದಷ್ಟು. ಅದರ ಬಿಸಿ 1100ರಿಂದ 1200 ಡಿಗ್ರಿ ಸೆಲ್ಸಿಯಸ್. ಹೀಗಾಗಿ ಅದು ತೆಳ್ಳಗಿರುತ್ತದೆ. ಒಳಗಿನ ಅನಿಲ ಸಲೀಸಾಗಿ ಗುಳ್ಳೆಯಾಗಿ ಹೊರಟುಹೋಗುತ್ತದೆ, ರಸ ಸುಮ್ಮನೆ ಹರಿಯುತ್ತದೆ. ಸಿಲಿಕಾ ಹೆಚ್ಚಿದ್ದರೆ ರಸ ಅಂಟಂಟಾಗುತ್ತದೆ. ಅನಿಲ ಒಳಗೇ ಸಿಕ್ಕಿಬೀಳುತ್ತದೆ, ಒತ್ತಡ ಏರುತ್ತದೆ, ಕೊನೆಗೆ ಸಿಡಿಯುತ್ತದೆ. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಬೆಟ್ಟ ಸಿಡಿದದ್ದು ಹೀಗೆ. ಹವಾಯಿ ದ್ವೀಪದ ಕಿಲಾವೆಯಾ ಹೆಚ್ಚಾಗಿ ಹರಿಯುವ ಜಾತಿಯದು. ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಹಾಲು ಉಕ್ಕಿ ಒಲೆಯ ಮೇಲೆ ಹರಿದದ್ದು ಒಂದು, ಕುಕ್ಕರಿನ ಮುಚ್ಚಳ ಹಾರಿದ್ದು ಇನ್ನೊಂದು.

ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮನುಷ್ಯರ ಮಾತಿಗೆ ಬನ್ನಿ. ಇಂಗ್ಲಿಷಿನವರು ಯಾವ ಭಾವನೆಗೆ ಇಫ್ಯೂಸಿವ್ ಎನ್ನುತ್ತಾರೆ, ಯಾವುದಕ್ಕೆ ಅನ್ನುವುದಿಲ್ಲ ಎಂಬುದು ಇಲ್ಲಿ ತಾನಾಗಿ ಹೊಳೆಯುತ್ತದೆ. ಇಫ್ಯೂಸಿವ್ ಪ್ರೇಸ್ ಇದೆ, ಬಾಯ್ತುಂಬ ಹೊಗಳಿಕೆ. ಇಫ್ಯೂಸಿವ್ ಥ್ಯಾಂಕ್ಸ್ ಇದೆ. ಇಫ್ಯೂಸಿವ್ ವೆಲ್‌ಕಮ್ ಇದೆ. ಮೇಲಿಂದ ಮೇಲೆ ತಪ್ಪಾಯ್ತು ಎನ್ನುವ ಇಫ್ಯೂಸಿವ್ ಅಪಾಲಜಿ ಇದೆ. ಆದರೆ ಇಫ್ಯೂಸಿವ್ ಆಂಗರ್ ಎಂದು ಯಾರೂ ಬರೆಯುವುದಿಲ್ಲ. ಸಿಟ್ಟು ಸಿಡಿಯುತ್ತದೆ. ಅದಕ್ಕೆ ಅವರಲ್ಲಿ ಔಟ್‌ಬರ್ಸ್ಟ್ ಎಂಬ ಬೇರೆ ಪದವೇ ಇದೆ. ದುಃಖಕ್ಕೂ ಇಫ್ಯೂಸಿವ್ ಹೊಂದುವುದು ಅಪರೂಪ. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಯಲ್ಲಿ ಹೆಣ್ಣುಮಕ್ಕಳು ಸತ್ತವರ ಗುಣಗಳನ್ನು ಹಾಡಿಕೊಂಡು ಅಳುತ್ತಾರೆ. ಅಲ್ಲಿ ಭಾವನೆ ಹೊಳೆಯಾಗಿ ಹರಿಯುತ್ತದೆ, ನಿಜ. ಆದರೂ ಅದಕ್ಕೆ ಈ ಪದ ಹಾಕಿದರೆ ತಪ್ಪಾಗುತ್ತದೆ. ಇಫ್ಯೂಸಿವ್ ಎನ್ನುವುದು ಬೆಚ್ಚಗಿನ, ಇನ್ನೊಬ್ಬರ ಕಡೆಗೆ ಹರಿಯುವ, ಅವರಿಗೆ ಹಿತವಾಗಲಿ ಎಂದು ಆಡುವ ಮಾತಿಗೆ ಮೀಸಲು.

ಇನ್ನೊಂದು ಮುಖ್ಯ ವಿಷಯ. ಇದು ಭಾವನೆಯ ಹೆಸರಲ್ಲ, ಭಾವನೆ ಹೊರಬರುವ ರೀತಿಯ ಹೆಸರು. 'ಇಮೋಷನಲ್' ಎಂದರೆ ಒಳಗೆ ಆಗುವುದು. ಒಬ್ಬ ಮನುಷ್ಯ ತುಂಬ ಇಮೋಷನಲ್ ಇದ್ದೂ ಒಂದು ಮಾತೂ ಆಡದೆ ಕೂತಿರಬಹುದು. ಅವನು ಇಫ್ಯೂಸಿವ್ ಅಲ್ಲ. ಇನ್ನೊಬ್ಬನ ಒಳಗೆ ಅಷ್ಟೇನೂ ಇಲ್ಲ, ಆದರೆ ಸಿಕ್ಕ ಕೂಡಲೇ ಎರಡೂ ಕೈ ಹಿಡಿದು ಐದು ನಿಮಿಷ ಹೊಗಳುತ್ತಾನೆ. ಅವನು ಇಫ್ಯೂಸಿವ್. ಸಿಂದಗಿ ಹುಡುಗಿಗೆ ಗೊಂದಲ ಆದದ್ದು ಇಲ್ಲೇ. 'ಭಾವಾತಿರೇಕ' ಒಳಗಿನ ಸುದ್ದಿ ಹೇಳುತ್ತದೆ. ಇಫ್ಯೂಸಿವ್ ಹೊರಗಿನ ಸುದ್ದಿ ಹೇಳುತ್ತದೆ.

ಸುತ್ತಮುತ್ತಲಿನ ಪದಗಳ ಜೊತೆ ಇಟ್ಟು ನೋಡಿದರೆ ಇನ್ನೂ ತಿಳಿಯಾಗುತ್ತದೆ. 'ಪ್ರೊಫ್ಯೂಸ್' ಇದರ ಅಕ್ಕ, ಅದೇ ಬೇರು. ಅದು ಬರೀ ಪ್ರಮಾಣ ಹೇಳುತ್ತದೆ. ಮೇ ತಿಂಗಳ ನಮ್ಮ ಬಿಸಿಲಿಗೆ ಇಳಿಯುವ ಬೆವರನ್ನು ಪ್ರೊಫ್ಯೂಸ್ ಎನ್ನಬಹುದು, ಇಫ್ಯೂಸಿವ್ ಎನ್ನಲಾಗದು. ಬೆವರಿಗೆ ಪ್ರೀತಿ ಇಲ್ಲವಲ್ಲ. 'ಗಶಿಂಗ್' ಎಂದರೆ ಬೋರ್ ಹೊಡೆದಾಗ ನೀರು ಸಿಕ್ಕು ಒಮ್ಮೆಲೇ ಚಿಮ್ಮಿದ ಹಾಗೆ. ಇಫ್ಯೂಸಿವ್‌ಗಿಂತ ಒಂದು ಹೆಜ್ಜೆ ಮುಂದೆ. ಒಬ್ಬರನ್ನು ಗಶಿಂಗ್ ಎಂದರೆ ಅವರ ಹೊಗಳಿಕೆ ಹೇಳುವವರಿಗೆ ಹಿಡಿಸಿಲ್ಲ ಎಂದು ತಿಳಿಯಬೇಕು. 'ಡಿಮಾನ್‌ಸ್ಟ್ರೇಟಿವ್' ಬೇರೆ ಜಾತಿ. ತೋರಿಸು ಎಂಬ ಬೇರಿನಿಂದ ಬಂದದ್ದು. ಅಪ್ಪಿಕೊಳ್ಳುವುದು, ಬೆನ್ನು ಸವರುವುದು, ಮುತ್ತು ಕೊಡುವುದು ಇವೆಲ್ಲ ಅದರೊಳಗೆ ಬರುತ್ತವೆ. ಇಫ್ಯೂಸಿವ್‌ಗೆ ಬಾಯಿ ಮುಖ್ಯ, ಡಿಮಾನ್‌ಸ್ಟ್ರೇಟಿವ್‌ಗೆ ಕೈ ಮುಖ್ಯ ಎಂದು ಮಕ್ಕಳಿಗೆ ಹೇಳುತ್ತೇನೆ. ಪೂರ್ತಿ ಕರಾರುವಾಕ್ಕಾದ ಗೆರೆ ಅಲ್ಲ, ಆದರೆ ನೆನಪಿಟ್ಟುಕೊಳ್ಳಲು ಸುಲಭ. ಇನ್ನು 'ಎಗ್ಜೂಬರಂಟ್' ಎಂದರೆ ಹುರುಪು ಉಕ್ಕುವುದು. ಅದರ ಬೇರಿನಲ್ಲಿ ಲ್ಯಾಟಿನ್ನಿನ 'ಊಬೆರ್' ಇದೆ. ಫಲವತ್ತಾದದ್ದು ಎಂದೂ ಕೆಚ್ಚಲು ಎಂದೂ ಅದಕ್ಕೆ ಅರ್ಥ. ಹಾಲು ತುಂಬಿ ಬಿರಿಯುವ ಎಮ್ಮೆಯ ಕೆಚ್ಚಲನ್ನು ನೋಡಿದವರಿಗೆ ಆ ಪದ ಮತ್ತೆ ಮರೆಯುವುದಿಲ್ಲ.

ವಾಕ್ಯದಲ್ಲಿ ಬಳಸುವುದು ಕಷ್ಟವಲ್ಲ. ನಾಮಪದದ ಮುಂದೆ ನೇರ ಇಡಬಹುದು. ಮನುಷ್ಯರ ಬಗ್ಗೆ ಹೇಳುವಾಗ 'ಇನ್' ಅಥವಾ 'ಅಬೌಟ್' ಸೇರಿಸುತ್ತಾರೆ: 'ಹಿ ವಾಸ್ ಇಫ್ಯೂಸಿವ್ ಇನ್ ಹಿಸ್ ಪ್ರೇಸ್', 'ಶಿ ವಾಸ್ ಇಫ್ಯೂಸಿವ್ ಅಬೌಟ್ ದ ಫುಡ್'. ಕ್ರಿಯೆಗೆ ಜೋಡಿಸಲು 'ಇಫ್ಯೂಸಿವ್‌ಲಿ'. ಅಷ್ಟೇ.

ಕಷ್ಟ ಇರುವುದು ಪದದ ತೂಕದಲ್ಲಿ. ಅದನ್ನು ಹೊಗಳಿಕೆ ಎಂದು ತಿಳಿಯಬೇಕೋ ಆಕ್ಷೇಪ ಎಂದೋ?

ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಓದಿದ ಹುಡುಗಿಯೊಬ್ಬಳಿಗೆ ಕೆಲಸಕ್ಕೆ ಶಿಫಾರಸು ಪತ್ರ ಬೇಕಿತ್ತು. ಬಹಳ ಒಳ್ಳೆಯ ಹುಡುಗಿ. ಯಾರನ್ನು ಕಂಡರೂ ನಗುನಗುತ್ತಾ ಮಾತನಾಡಿಸುವಳು. 'ಶಿ ಈಸ್ ಆನ್ ಇಫ್ಯೂಸಿವ್ ಪರ್ಸನ್' ಎಂದು ಬರೆದೆ. ಹೃದಯವಂತೆ ಎಂದು ಹೇಳುವುದು ನನ್ನ ಉದ್ದೇಶ. ಹಿರಿಯ ಗೆಳೆಯರೊಬ್ಬರು ಓದಿ, "ಈ ಪದ ತಗೀರಿ. ಈ ಹುಡುಗಿ ಮಾತು ಜಾಸ್ತಿ ಅಂತ ತಿಳ್ಕೋತಾರ" ಅಂದರು. 'ವಾರ್ಮ್' ಎಂದು ತಿದ್ದಿ ಕಳಿಸಿದೆ. ಅವರು ಹೇಳಿದ್ದು ಸರಿ. ಅವತ್ತಿನಿಂದ ನಾನು ಈ ಪದದ ಬೆನ್ನು ಹತ್ತಿದ್ದೇನೆ.

ಇಂಗ್ಲಿಷಿನಲ್ಲಿ 'ಇಫ್ಯೂಸಿವ್' ಅನ್ನು ಒಂದು ಘಟನೆಗೆ ಹೇಳಿದರೆ ಬಹುತೇಕ ಸಪ್ಪೆ ಅರ್ಥ. 'ಪಂದ್ಯ ಮುಗಿದ ಮೇಲೆ ಕೋಚ್ ಇಫ್ಯೂಸಿವ್ ಆಗಿ ಹೊಗಳಿದರು' ಎಂದು ಪತ್ರಿಕೆಯಲ್ಲಿ ಬಂದರೆ ತುಂಬ ಹೊಗಳಿದರು ಎಂದಷ್ಟೇ ತಿಳಿಯಬೇಕು. ಆದರೆ ಒಬ್ಬ ವ್ಯಕ್ತಿಯ ಸ್ವಭಾವಕ್ಕೆ ಅದನ್ನು ಹೇಳಿದರೆ ಸಣ್ಣ ಹುಳಿ ಸೇರುತ್ತದೆ. ಇವರದು ಸ್ವಲ್ಪ ಅತಿ ಎಂಬ ಧ್ವನಿ. ಒಮ್ಮೆ ಉಕ್ಕಿದರೆ ಸಂತೋಷ, ದಿನಾ ಉಕ್ಕಿದರೆ ಒಲೆ ಹೊಲಸು.

ಈ ಹುಳಿ ಎಲ್ಲಿಂದ ಬಂತು ಎಂದು ಯೋಚಿಸಿದರೆ ನನಗೆ ಡೋಣಿ ಹೊಳೆ ನೆನಪಾಗುತ್ತದೆ. ತಾಳಿಕೋಟೆ ಕಡೆಯವರಿಗೆ ಅದರ ಸ್ವಭಾವ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ನೋಡಿದರೆ ಇದೂ ಒಂದು ಹೊಳೆಯೇ ಅನ್ನಿಸುತ್ತದೆ. ಜೋರು ಮಳೆಯಾದರೆ ದಂಡೆ ಮೀರಿ ಹೊಲಗಳಿಗೆ ನುಗ್ಗುತ್ತದೆ, ಸೇತುವೆ ಮುಳುಗಿಸುತ್ತದೆ. ಹಾಗೆಂದು ಅದನ್ನು ಬೈಯುವ ಬಾಯೇ 'ಡೋಣಿ ಬೆಳೆದರೆ ಓಣಿಗೆಲ್ಲ ಕಾಳು' ಎಂದೂ ಹೇಳುತ್ತದೆ. ಡೋಣಿ ಉಕ್ಕಿತು ಎಂದು ನಾವು ಯಾವಾಗ ಹೇಳುತ್ತೇವೆ? ನೀರು ದಂಡೆ ದಾಟಿದಾಗ. ಅದೇ ನೀರು ಕೃಷ್ಣೆಯಲ್ಲಿ ಹರಿದರೆ ಉಕ್ಕಿತು ಎನ್ನುವುದಿಲ್ಲ, ಅಲ್ಲಿ ಪಾತ್ರ ಅಗಲ. ಇಫ್ಯೂಸಿವ್ ಎಂಬ ಪದ ಅಳೆಯುವುದು ನೀರನ್ನಲ್ಲ. ದಂಡೆಗೆ ಹೋಲಿಸಿ ನೀರನ್ನು ಅಳೆಯುತ್ತದೆ. ಆ ದಂಡೆ ಕಟ್ಟಿದವರು ಬೇರೆ ನಾಡಿನವರು. ಭಾವನೆಯನ್ನು ಅಳೆದು ತೂಗಿ ಆಡುವುದೇ ಸಭ್ಯತೆ ಎಂದು ನಂಬಿದವರ ಭಾಷೆಯಲ್ಲಿ ಬೆಳೆದ ಪದ ಇದು. ಅಲ್ಲಿ ದಂಡೆ ತಗ್ಗು. ಸ್ವಲ್ಪ ನೀರು ಬಂದರೂ ಮೀರಿತು ಎನ್ನುತ್ತಾರೆ.

ನಮ್ಮ ದಂಡೆ ಎಷ್ಟು ಎತ್ತರ? ಇದನ್ನು ಕ್ಲಾಸಿನಲ್ಲಿ ಕೇಳಿದಾಗ ಒಳ್ಳೆಯ ಚರ್ಚೆ ಆಯಿತು. ಒಬ್ಬ ಹುಡುಗ, "ನಾವು ಫುಲ್ ಇಫ್ಯೂಸಿವ್ ಮಂದಿ ಸರ್" ಅಂದ. ಅವನ ಮನಸ್ಸಿನಲ್ಲಿದ್ದದ್ದು ನಮ್ಮ ಮನೆಗಳ ಆದರ. ಬಾಗಿಲಲ್ಲಿ ನಿಂತವರಿಗೆ "ಬರ್ರಿ ಬರ್ರಿ, ಒಳಗ ಬರ್ರಿ, ಕುಂದರ್ರಿ" ಎಂದು ಮೂರು ಸಲ. ನೀರು ಕೊಡುವುದು, ಚಹಾ ಇಡುವುದು. ಊಟ ಆಗಿದೆ ಎಂದರೂ ಕೇಳದೆ ತಟ್ಟೆ ಹಾಕುವುದು. ಎರಡು ರೊಟ್ಟಿ ಸಾಕು ಎಂದವರ ತಟ್ಟೆಗೆ ಮೂರನೆಯದು ಬೀಳುತ್ತದೆ, ಮೇಲೆ ಶೇಂಗಾ ಹಿಂಡಿ, ಗಟ್ಟಿ ಮೊಸರು. "ಏನೂ ತಿನ್ಲೇ ಇಲ್ಲ ನೀವು" ಎಂದು ಕೊನೆಗೆ ಬೇಜಾರು ಬೇರೆ. ಲಂಡನ್ನಿನಿಂದ ಬಂದವರು ಇದನ್ನು ಖಂಡಿತ ಇಫ್ಯೂಸಿವ್ ವೆಲ್‌ಕಮ್ ಎಂದು ಬರೆದುಕೊಳ್ಳುತ್ತಾರೆ. ನಮಗೆ ಇದು ದಂಡೆಯೊಳಗಿನ ನೀರು. ಇಷ್ಟು ಮಾಡದಿದ್ದರೇನೇ ಓಣಿಯಲ್ಲಿ ಮಾತು ಬರುತ್ತದೆ.

ಆದರೆ ಅದೇ ಕ್ಲಾಸಿನಲ್ಲಿ ಇನ್ನೊಬ್ಬ, "ಮನ್ಯಾಗ ಯಾರು ಥ್ಯಾಂಕ್ಸ್ ಅಂತಾರ್ರಿ?" ಎಂದು ಕೇಳಿದ. ಅದೂ ನಿಜ. ರೊಟ್ಟಿ ಬಡಿಯುವ ಅವ್ವನಿಗೆ ಯಾವ ಮಗ ಥ್ಯಾಂಕ್ಸ್ ಹೇಳಿದ್ದಾನೆ? ಹೇಳಿದರೆ ಅವಳಿಗೇ ಇರಿಸುಮುರಿಸು, ನಾನೇನು ಹೊರಗಿನವಳೇ ಅನ್ನಿಸುತ್ತದೆ. ಮಕ್ಕಳನ್ನು ಎದುರಿಗೆ ಹೊಗಳುವುದಂತೂ ಇಲ್ಲವೇ ಇಲ್ಲ. ಹೊಗಳಿದರೆ ದೃಷ್ಟಿ ತಾಗುತ್ತದೆ ಎಂಬ ಅಂಜಿಕೆ. ಯಾರಾದರೂ ಹೊಗಳಿಬಿಟ್ಟರೆ ಸಂಜೆಗೆ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ಒಂದೇ ಮನೆಯಲ್ಲಿ ಆದರದ ದಂಡೆ ಬಹಳ ಎತ್ತರ, ಹೊಗಳಿಕೆಯ ದಂಡೆ ಬಹಳ ತಗ್ಗು. ಬಂದವರಿಗೆ ಹತ್ತು ಮಾತು, ಹೆತ್ತ ಮಗಳಿಗೆ ಒಂದೂ ಇಲ್ಲ. ಹಾಗಾಗಿ ಇಡೀ ಜನರನ್ನು ಇಫ್ಯೂಸಿವ್ ಎಂದೋ ಅಲ್ಲವೆಂದೋ ಹೇಳಲು ನನಗೆ ಮನಸ್ಸಿಲ್ಲ. ಯಾವ ಭಾವನೆ, ಯಾರ ಮುಂದೆ ಎಂದು ಕೇಳಬೇಕು.

ಹೊಗಳಿಕೆಯ ಅಂಜಿಕೆ ನಮ್ಮ ನೆಲದಲ್ಲಿ ಹಳೆಯದು. ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು 12ನೇ ಶತಮಾನದಲ್ಲೇ ಅದಕ್ಕೆ ಒಂದು ಹೆಸರು ಕೊಟ್ಟಿದ್ದಾರೆ: ಹೊನ್ನಶೂಲ. ತನ್ನವರು ಒಲಿದು, ಹೊಗಳಿ ಹೊಗಳಿ ಹೊನ್ನಶೂಲಕ್ಕೆ ಏರಿಸಿದರು, ನೊಂದೆ ಎಂದು ವಚನದಲ್ಲಿ ಹೇಳುತ್ತಾರೆ. ಬಂಗಾರದ್ದಾದರೂ ಶೂಲ ಶೂಲವೇ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ. ಇಂಗ್ಲಿಷ್ ಪದದ ಹುಳಿ ಹೊಗಳುವವನ ಮೇಲೆ ಬೀಳುತ್ತದೆ, ಅವನದು ಅತಿಯಾಯಿತು ಎಂದು. ಬಸವಣ್ಣನವರು ಹೊಗಳಿಸಿಕೊಂಡವನಿಗೆ ಏನಾಗುತ್ತದೆ ಎಂದು ನೋಡಿದರು. ಹೊಗಳಿದವರ ಪ್ರೀತಿಯನ್ನು ಅವರು ಅನುಮಾನಿಸಲಿಲ್ಲ. 'ಒಲಿದು' ಎಂದೇ ಹೇಳಿದರು. ಪ್ರೀತಿ ನಿಜವಿದ್ದಾಗಲೂ ನೋವಾಗಬಹುದು ಎಂಬ ಸೂಕ್ಷ್ಮ ಇಫ್ಯೂಸಿವ್ ಎಂಬ ಪದದಲ್ಲಿ ಇಲ್ಲ.

ಹಾಗಾದರೆ ಕನ್ನಡದಲ್ಲಿ ಏನನ್ನಬೇಕು? ಒಂದೇ ಪದ ಹುಡುಕಿ ಎಲ್ಲ ಕಡೆ ಅಂಟಿಸಲು ಹೋದರೆ 'ಭಾವಾತಿರೇಕ'ದಂಥ ಪೇಚಿಗೆ ಬೀಳುತ್ತೇವೆ. ನಮ್ಮ ಆಡುಮಾತಿನಲ್ಲಿ ಜಾಗಕ್ಕೆ ತಕ್ಕ ಹಾಗೆ ಪದಗಳಿವೆ. ಇಫ್ಯೂಸಿವ್ ಪ್ರೇಸ್ ಒಳ್ಳೆಯ ಅರ್ಥದಲ್ಲಿದ್ದರೆ 'ಬಾಯ್ತುಂಬ ಹೊಗಳಿದರು'. ಹುಳಿ ಇದ್ದರೆ 'ಹೊಗಳಿ ಅಟ್ಟಕ್ಕೇರಿಸಿದರು'. ಥ್ಯಾಂಕ್ಸ್‌ಗೆ 'ಮನದುಂಬಿ ನೆನೆದರು'. ವೆಲ್‌ಕಮ್‌ಗೆ ನಾನು 'ಉಕ್ಕುವ ಪ್ರೀತಿಯಿಂದ ಬರಮಾಡಿಕೊಂಡರು' ಎಂದು ಬರೆಸುತ್ತೇನೆ. ಅಪಾಲಜಿಗೆ 'ಮೇಲಿಂದ ಮೇಲೆ ತಪ್ಪಾಯ್ತು ಎಂದರು' ಸಾಕು. ಈ ಎಲ್ಲದರಲ್ಲೂ ತುಂಬುವುದು, ಉಕ್ಕುವುದು, ಏರುವುದು ಇದೆ, ನೋಡಿ. ಬೆಳಗಾವಿಯಲ್ಲಿ ಮರಾಠಿ ಆಡುವ ಗೆಳೆಯರು 'ಭರಭರೂನ್ ಕೌತುಕ್ ಕೇಲಂ' ಎನ್ನುತ್ತಾರೆ, ತುಂಬಿ ತುಳುಕುವಂತೆ ಮೆಚ್ಚಿಕೊಂಡರು ಎಂದು. ಅವರದೂ ಅದೇ ತುಂಬಿದ ಕೊಡ. ಲ್ಯಾಟಿನ್, ಕನ್ನಡ, ಮರಾಠಿ, ಮೂರಕ್ಕೂ ಮನಸ್ಸಿನ ಮಾತು ಬಂದಾಗ ನೀರೇ ನೆನಪಾದದ್ದು ನನಗೆ ಬಹಳ ಖುಷಿ ಕೊಡುತ್ತದೆ.

ಪರೀಕ್ಷೆ ಬರೆಯುವವರಿಗೆ ಒಂದು ಮಾತು. ಇಫ್ಯೂಸಿವ್‌ಗೆ ವಿರುದ್ಧ ಪದ ಕೇಳುತ್ತಾರೆ. 'ರಿಸರ್ವ್ಡ್' ಅಥವಾ 'ರಿಸ್ಟ್ರೇನ್ಡ್' ಸರಿಯಾದ ಉತ್ತರ. 'ಕೋಲ್ಡ್' ಎಂದು ಕೆಲವರು ಗುರುತು ಹಾಕುತ್ತಾರೆ, ಅದು ತಪ್ಪು. ಕೋಲ್ಡ್ ಎಂದರೆ ಒಳಗೆ ನೀರೇ ಇಲ್ಲ. ರಿಸರ್ವ್ಡ್ ಎಂದರೆ ನೀರಿದೆ, ಕಟ್ಟೆ ಕಟ್ಟಿಕೊಂಡಿದ್ದಾರೆ. ರಿಸರ್ವಾಯರ್ ಎಂಬ ಪದವೂ ಅದೇ ಬೇರಿನದು. ಆಲಮಟ್ಟಿ ಅಣೆಕಟ್ಟಿನ ಹಿಂದೆ ನಿಂತ ಕೃಷ್ಣೆಯನ್ನು ನೋಡಿ ಬಂದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗುವುದಿಲ್ಲ.

ದೊಡ್ಡವ್ವನ ಮೊಣಕಾಲು ಈಗ ಎಷ್ಟೋ ವಾಸಿ, ಬಾವು ಇಳಿದಿದೆ. ಹೋದ ವಾರ ಇಫ್ಯೂಸಿವ್ ಬಳಸಿ ಸ್ವಂತ ವಾಕ್ಯ ಬರೆದು ತನ್ನಿ ಎಂದು ಮಕ್ಕಳಿಗೆ ಹೇಳಿದ್ದೆ. ಬಹಳ ಜನ ಕೋಚು, ಕ್ರಿಕೆಟ್ಟು, ಹೊಗಳಿಕೆ ಎಂದು ಬರೆದು ತಂದರು. ಸಿಂದಗಿ ಹುಡುಗಿ ಇಲ್ಲಿ ರೂಮು ಮಾಡಿಕೊಂಡಿದ್ದಾಳೆ. ಊರಿನಿಂದ ಅವಳಿಗೆ ಬಸ್ಸಿನಲ್ಲಿ ಬುತ್ತಿ ಬರುತ್ತದೆ. ಅವಳು ಬರೆದದ್ದು ಎರಡೇ ಸಾಲು: 'ಮೈ ಫಾದರ್ ಈಸ್ ನಾಟ್ ಇಫ್ಯೂಸಿವ್. ಎವ್ರಿ ಸೋಮವಾರ ಹಿ ಸ್ಟ್ಯಾಂಡ್ಸ್ ಅಟ್ ದ ಬಸ್ ಸ್ಟ್ಯಾಂಡ್ ವಿತ್ ಮೈ ರೊಟ್ಟಿ.'

'ಸೋಮವಾರ' ಇದ್ದಲ್ಲಿ 'ಮಂಡೇ' ಎಂದು ತಿದ್ದಿದೆ. ಬೇರೇನನ್ನೂ ಮುಟ್ಟಲಿಲ್ಲ.